ಖಾಲಿ ಗಾಡಿಯ ತೂಕ

ಹಲ್ಲಿನ ಡಾಕ್ಟರು ಪುಟ್ಟ ಕನ್ನಡಿ ಹಿಡಿದು ತೋರಿಸಿದರು.
ದವಡೆಹಲ್ಲಿನ ಏರಿಳಿತವೆಲ್ಲ ಸವೆದು ಸಪಾಟು,
ವರ್ಷಗಟ್ಟಲೆ ಉಳಿ ಕಾಣದ ಬೀಸುಕಲ್ಲಿನ ಹಾಗೆ.
'ರಾತ್ರಿ ಏನಮ್ಮ ಅಗೀತೀರಾ, ಹೊಂಬಾಳಮ್ಮ?'

ವಿದ್ಯಾನಗರದ ಆ ತಣ್ಣನೆ ಕುರ್ಚಿಯಲ್ಲಿ
ಬಾಯಿ ಕಳೆದು ಮಲಗಿದವಳು ಏನಂತ ಹೇಳಲಿ.
ಕಬ್ಬು ಡಾಕ್ಟರೇ, ಕಬ್ಬು.
ಹಗಲೆಲ್ಲ ತೂಗಿದ್ದನ್ನು ರಾತ್ರಿಯೆಲ್ಲ ಅರೆಯುತ್ತೇನೆ.

ಕಾರ್ಖಾನೆ ಗೇಟಿನ ಪಕ್ಕ ನನ್ನ ತೂಕದ ಕೋಣೆ.
ಒಂದು ಕಿಟಕಿ, ಕೆಂಪಂಕಿಯ ಪೆಟ್ಟಿಗೆ, ಗೊರಗುಟ್ಟುವ ಫ್ಯಾನು.
ಹಂಗಾಮಿನಲ್ಲಿ ಟ್ರ್ಯಾಕ್ಟರು ಸಾಲು ನಾಲೆ ಸೇತುವೆ ದಾಟಿ ನಿಲ್ಲುತ್ತದೆ.
'ಕಡ್ದು ಎಲ್ಡ್ ದಿನಾಯ್ತು ಕಣವ್ವ, ಒಣಗ್ತಾ ಅದೆ, ಬಿರ್ನೆ ಬರ್ಕೊ.'
'ಹೊರಗಡೆ ಕಾಟಾದಲ್ಲಿದ್ದ ಇನ್ನೂರು ಕೇಜಿ ಎಲ್ ನುಂಗ್ದೆ?'
ಒಳಗಿನಿಂದ ಫೋನು: 'ಲೈನ್ ಯಾಕೆ ನಿಂತಿದೆ?'
ಕಿಟಕಿಗೆ ಬಿದ್ದ ಪ್ರತಿ ಗುದ್ದೂ
ಎದೆಗೂಡಿನ ಒಳಗೋಡೆಗೆ ಬೀಳುತ್ತದೆ.
ಅಂಗೈ ತಣ್ಣಗೆ, ಕಿವಿ ಬಿಸಿ,
ಹೊಟ್ಟೆಯಲ್ಲಿ ಯಾರೋ ಒದ್ದೆ ಬಟ್ಟೆ ಹಿಂಡಿ ಹಾಗೇ ಬಿಟ್ಟಂತೆ.

ಕೆಎ ಹನ್ನೊಂದರ ನಂಬರೆಲ್ಲ ಬಾಯಿಪಾಠ.
ಮೊನ್ನೆ ನಾದಿನಿ ಎದುರು ಬಂದರೆ ಹೆಸರು ಹೊಳೆಯಲಿಲ್ಲ,
'ಬಾರವ್ವ' ಅಂದು ಸುಧಾರಿಸಿದೆ.

ಡಾಕ್ಟರ್ ನಿಲೋಫರ್ ಕೈಗವಸು ಬಿಚ್ಚಿ ಸ್ಟೂಲು ಎಳೆದುಕೊಂಡು ಕೂತರು.
'ನಿಮ್ಮ ಕಡೆ ಕಬ್ಬಿನ ಗದ್ದೇಲಿ ಚಿರತೆ ಬರುತ್ತಲ್ಲ?'
'ಬರುತ್ತೆ.'
'ತಲೆಯೊಳಗೆ ಬಾದಾಮಿಯಷ್ಟು ಒಬ್ಬ ಕಾವಲುಗಾರ ಇದ್ದಾನೆ.
ಅವನಿಗೆ ಚಿರತೆಯೂ ಒಂದೇ, ಮ್ಯಾನೇಜರ ಫೋನೂ ಒಂದೇ.
ಕೂಗು ಹಾಕುತ್ತಾನೆ. ಮೂತ್ರಪಿಂಡದ ನೆತ್ತಿಯ ಮೇಲೆ
ಪೇಟ ಇಟ್ಟ ಹಾಗೆ ಕೂತ ಎರಡು ಗ್ರಂಥಿ ಎದ್ದು
ಓಡಲಿ ಪಾಪ ಅಂತ ರಕ್ತಕ್ಕೆ ಸಕ್ಕರೆ ಬಿಡಿಸುತ್ತವೆ.
ನೀವೋ, ಕುರ್ಚಿ ಬಿಟ್ಟು ಏಳಲ್ಲ.'

ನಗು ಬಂತು. ನನ್ನೊಳಗೂ ಒಂದು ಸಕ್ಕರೆ ಕಾರ್ಖಾನೆ,
ಕಬ್ಬಿಲ್ಲದೆ ನಡೆಯುವುದು, ಹಂಗಾಮು ಮುಗಿಯದ್ದು,
ಮಾಲು ಒಯ್ಯುವ ಲಾರಿಯೇ ಬಾರದ ಗೋದಾಮು.
ಹೋದ ತಿಂಗಳ ರಿಪೋರ್ಟಿನಲ್ಲಿ: ಇನ್ನೂರ ಹನ್ನೆರಡು.

ಬಸ್ಸಿನಲ್ಲಿ ವಾಪಸು ಬರುತ್ತ ಯೋಚಿಸಿದೆ.
ಪ್ರತಿ ಗಾಡಿಯನ್ನೂ ಎರಡು ಸಲ ತೂಗುತ್ತೇನೆ,
ತುಂಬಿ ಬಂದಾಗೊಮ್ಮೆ, ಇಳಿಸಿ ಬಂದಾಗೊಮ್ಮೆ.
ಖಾಲಿ ತೂಕ ಬರೆಯದೆ ಚೀಟಿ ಹರಿಯುವ ಹಾಗಿಲ್ಲ.
ನನ್ನ ಖಾಲಿ ತೂಕ ಎಷ್ಟು? ಯಾವ ವರ್ಷ ತೂಗಿದ್ದು?

ರಾತ್ರಿ ಪಾಳಿ ಮುಗಿದ ಒಂದು ಬೆಳಗಿನ ಜಾವ
ಯಾರೂ ಇಲ್ಲದ್ದು ನೋಡಿ ಕಾಟಾ ಮೇಲೆ ಹೋಗಿ ನಿಂತೆ.
ಅರವತ್ತು ಟನ್ನಿನ ಕಬ್ಬಿಣದ ಹಾಸು, ಇಬ್ಬನಿಗೆ ಒದ್ದೆ,
ಅಲ್ಲಲ್ಲಿ ಸೋಗೆಯ ಚೂರು. ಚಪ್ಪಲಿ ಕಳಚಿದೆ.
ಕಿಟಕಿಯಾಚೆ ಕೆಂಪಂಕಿ: ಅರವತ್ತು ಕೇಜಿ.
ಇಪ್ಪತ್ತಿಪ್ಪತ್ತರ ಲೆಕ್ಕದ ಯಂತ್ರ,
ಮೇಲಿನ ಮೂರೋ ನಾಲ್ಕೋ ಅದರ ಗಮನಕ್ಕೇ ಬರಲಿಲ್ಲ.
ಉಸಿರು ನಾಲ್ಕೆಣಿಸಿ ಎಳೆದು ಎಂಟೆಣಿಸಿ ಬಿಟ್ಟೆ,
ಡಾಕ್ಟರು ಹೇಳಿಕೊಟ್ಟ ಹಾಗೆ. ಐದನೆಯ ಸಲಕ್ಕೆ
ಹೆಗಲು ಕಿವಿಯ ಹತ್ತಿರದಿಂದ ಕೆಳಗಿಳಿಯಿತು.
ಅದು ಅಲ್ಲಿಗೆ ಹತ್ತಿದ್ದೇ ನನಗೆ ಗೊತ್ತಿರಲಿಲ್ಲ.

'ಇಳಿಸ್ಬುಟ್ಟು ಬತ್ತೀನಿ ಕಣವ್ವ.'
ತುಂಬಿದ ತೂಕ ಆದಮೇಲೆ ಚಿಕ್ಕಲಿಂಗಯ್ಯ ದಿನಾ ಹೇಳುವ ಮಾತು.
ಹದಿನಾಲ್ಕು ವರ್ಷ ಬರೀ ಕಿವಿಗೆ ಹಾಕಿಕೊಂಡೆ.
ಈಗ ಪಾಳಿ ಮುಗಿದದ್ದೇ ಮನೆಗೆ ಫೋನು ಮಾಡಿ
ನಾನೂ ಅದನ್ನೇ ಅನ್ನುತ್ತೇನೆ,
ನಾಲೆ ಏರಿ ಮೇಲೆ ಎರಡು ಮೈಲಿ ನಡೆಯುತ್ತೇನೆ,
ಚಿರತೆಯಿಂದ ಪಾರಾದೆವು ಅಂತ
ಬಾದಾಮಿಯವನಿಗೆ ಅನ್ನಿಸುವಷ್ಟು ಬಿರುಸಾಗಿ.
ನೀರು ಬಿಟ್ಟ ವಾರ ಹರಿವಿನ ಸದ್ದು, ಬಿಡದ ವಾರ ಕಪ್ಪೆ.

ಗುದ್ದು ನಿಂತಿಲ್ಲ. ಫೋನೂ.
ರಾತ್ರಿ ಹಲ್ಲಿಗೆ ಹಾಕಲು ಡಾಕ್ಟರು ಗಾಜಿನಂಥ ಕವಚ ಮಾಡಿಕೊಟ್ಟಿದ್ದಾರೆ,
ಅತ್ತೆಯ ಹಲ್ಸೆಟ್ಟಿನ ಲೋಟದ ಪಕ್ಕ ಅದರ ಡಬ್ಬಿ.
ಬೆಳಿಗ್ಗೆ ತೊಳೆಯುವಾಗ ಬೆಳಕಿಗೆ ಹಿಡಿದು ನೋಡುತ್ತೇನೆ.
ಮೊದಲ ತಿಂಗಳು ಮೈತುಂಬ ಗೀರು.
ಈ ವಾರ ಹೊಸದು ಎಡಗಡೆ ಎರಡೇ.
ಒಂದು, ನನಗೆ ಗೊತ್ತು, ಮಂಗಳವಾರದ್ದು.